ಮುಳ್ಳವ್ವನ ಗುಡ್ಡ

ಕಾಯಿ ಸಿಡಿದು ಬೀಜ ನೆಲಕ್ಕೆ ಬೀಳುವ ಮುನ್ನ ನೆಲಬೇವಿನ ಬುಡಕ್ಕೆ ಕೈ ಹಾಕಬಾರದು. ಕಾಟನಹಟ್ಟಿಯ ಗುಡ್ಡಕ್ಕೆ ಇದ್ದ ಕಟ್ಟಳೆ ಇದೊಂದೇ. ಜ್ವರ ಬಂದ ಮನೆಯವರು ಬರಿಗೈಯಲ್ಲಿ ಹತ್ತಿ, ತುದಿಯ ಸೊಪ್ಪನ್ನಷ್ಟೇ ಚಿವುಟಿಕೊಂಡು ಇಳಿಯಬೇಕು. ಕುಡುಗೋಲು ತರಕೂಡದು, ಬೇರು ಅಲ್ಲಾಡಿಸಕೂಡದು. ಹಿಂದೆ ಒಮ್ಮೆ ಊರಿಗೆ ಊರೇ ಇದನ್ನು ಮುರಿಯಿತು, ಕಟ್ಟಳೆಯನ್ನು ಕಾಯಬೇಕಾದ ಯಜಮಾನನೂ ಸೇರಿ.

ಗುಡ್ಡ ಹಟ್ಟಿಗೆ ಮೂಡಣ ದಿಕ್ಕಿನಲ್ಲಿದೆ. ಕಾರೆ, ಜಾಲಿ, ತಂಗಡಿ ಬಿಟ್ಟರೆ ಹೇಳಿಕೊಳ್ಳುವ ಮರವಿಲ್ಲ. ಅರ್ಧ ಏರಿದ ಮೇಲೆ ಕಣಜದಂತೆ ನಿಂತ ಬಂಡೆಯೊಂದು ಸಿಗುತ್ತದೆ. ಅದರ ನೆರಳಿಗೆ ಮೊಣಕಾಲೆತ್ತರದ ಕಾಡುಕಲ್ಲಿನ ಸುತ್ತು, ಹಟ್ಟಿಯ ಕಡೆಗೆ ಒಂದೇ ಬಾಯಿ. ಒಳಗೆ ಮೂರ್ತಿಯಿಲ್ಲ, ಗಂಟೆಯಿಲ್ಲ. ಮಳೆಗಾಲ ಕಳೆಯುವ ಹೊತ್ತಿಗೆ ಅಲ್ಲಿ ನೆಲಬೇವು ಒತ್ತಾಗಿ ಎದ್ದು, ನೇರಳೆ ಗೆರೆಯ ಸಣ್ಣ ಬಿಳಿ ಹೂ ಬಿಟ್ಟಿರುತ್ತದೆ. ಈ ಸೀಮೆಯಲ್ಲಿ ಅದು ಬರಿ ಜ್ವರದ ಮದ್ದಲ್ಲ. ಮಕ್ಕಳ ಹೊಟ್ಟೆಹುಳಕ್ಕೆ ಅದರ ರಸ, ಕುರಿಯ ಕಾಲಿನ ಹುಣ್ಣಿಗೆ ಅದನ್ನು ಕುದಿಸಿದ ನೀರು, ಮೊಲೆ ಬಿಡದ ಕೂಸಿಗೆ ಅದರ ಕಹಿಯ ಲೇಪ. ಜ್ವರಕ್ಕಾದರೆ ಮೆಣಸು ಜಜ್ಜಿ ಹಾಕಿ ಕಷಾಯ ಇಳಿಸುತ್ತಾರೆ. ಬೆಲ್ಲ ಕೇಳಿದವರಿಗೆ ಇಲ್ಲಿನ ಮುದುಕಿಯರು, 'ಬೆಲ್ಲ ತಿನ್ನೋಕೆ ಜ್ವರ ಯಾಕೆ ಬರಿಸಿಕೊಂಡೆ' ಎನ್ನುತ್ತಾರೆ.

ಪಾಳೆಯಗಾರರ ಕಾಲದ ಮಾತು ಎನ್ನುತ್ತಾರೆ. ಆ ವರ್ಷ ಚಿತ್ತೆ ಮಳೆ ಹಿಡಿದದ್ದು ಬಿಡಲಿಲ್ಲ. ಬಿಟ್ಟಾಗ ಮನೆಮನೆಯಲ್ಲೂ ಚಳಿಜ್ವರ. ಗುಡ್ಡದಲ್ಲಿ ನೆಲಬೇವು ಆಗಷ್ಟೇ ಹಸಿಗಾಯಿ ಕಟ್ಟಿತ್ತು. ಮೊದಲ ವಾರ ಎಲ್ಲರೂ ಸೊಪ್ಪನ್ನೇ ಚಿವುಟಿದರು. ಜ್ವರ ಬಿಟ್ಟುಬಿಟ್ಟು ಬರತೊಡಗಿದಾಗ, ಬೇರಿನಲ್ಲಿ ಕಸುವು ಹೆಚ್ಚು ಎಂದು ಯಾರೋ ಅಂದರು. ಅಂದವರು ಯಾರೆಂದು ಇಂದಿಗೂ ಗೊತ್ತಿಲ್ಲ; ಇಂಥ ಮಾತಿಗೆ ಒಡೆಯರಿರುವುದಿಲ್ಲ. ಬಾಣಂತಿಗೆಂದು ಒಬ್ಬ ಒಂದು ಬುಡ ಕಿತ್ತ. ಅವನು ಕಿತ್ತನಲ್ಲಾ ಎಂದು ಇನ್ನೊಬ್ಬ ಕಿತ್ತ. ಯಜಮಾನ ಬೋರಯ್ಯ ಕಿತ್ತವರಿಗೆ ತಪ್ಪುದಂಡ ಹಾಕಲೆಂದು ಊರಕಟ್ಟೆಗೆ ಕರೆಸಿದ. ಕೂಟ ಮುಗಿಯುವ ಮೊದಲೇ ಅವನ ಮೊಮ್ಮಗಳಿಗೆ ಚಳಿ ಏರಿತು. ಮರುದಿನ ಅವನೇ ಕುಡುಗೋಲು ಹಿಡಿದು ಹತ್ತಿದ. ಎಲ್ಲರಿಗೂ ಒಂದೊಂದು ನ್ಯಾಯವಾದ ಕಾರಣವಿತ್ತು, ಒಂದೊಂದು ಬುಡವಷ್ಟೇ ಬೇಕಿತ್ತು. ಹಾಗೆಯೇ ಗುಡ್ಡ ಬೋಳಾಯಿತು.

ಉಳಿದದ್ದು ಕಣಜದ ಬಂಡೆಯ ಬುಡದಲ್ಲಿದ್ದ ಒಂದು ಹಿಡಿ ಗಿಡ. ಅದನ್ನು ಮೊದಲು ಕಂಡವಳು ದಾನಕ್ಕ, ಬೋರಯ್ಯನ ತೀರಿಹೋದ ತಮ್ಮನ ಹೆಂಡತಿ. ಅವಳಿಗಿದ್ದವನು ಒಬ್ಬನೇ ಮಗ, ಕುರಿ ಕಾಯುವ ಪಾಲಯ್ಯ. ಅವನೂ ಜ್ವರದಲ್ಲಿ ಮಲಗಿದ್ದ. ಕಟ್ಟಳೆಯ ಪ್ರಕಾರ ಅವನ ಪಾಲಿನ ಸೊಪ್ಪು ಚಿವುಟಿ, ಕಷಾಯ ಕುಡಿಸಿ ಬಂದು, ಅವಳು ಸುತ್ತಲೂ ಕಲ್ಲು ಜೋಡಿಸತೊಡಗಿದಳು. ದಾನಕ್ಕನ ತವರು ಎದುರಿನ ಬೋಳುಗುಡ್ಡದ ಕೆಳಗಿನದು. ಆ ಗುಡ್ಡವೂ ಹಿಂದೆ ನೆಲಬೇವಿನದೇ. ಅವಳು ಲಂಗ ಉಡುವ ವಯಸ್ಸಿನಲ್ಲಿ ಅಲ್ಲಿಯವರು ಬುಡಸಮೇತ ಕಿತ್ತು ಗುಣವಾದರು. ಮರುವರ್ಷ ಜ್ವರ ಬಂತು, ಗಿಡ ಬರಲಿಲ್ಲ. ಇಬ್ಬರು ತಂಗಿಯರನ್ನು ಒಂದೇ ಗುಣಿಯಲ್ಲಿಟ್ಟು ಬಂದ ಅಪ್ಪ ಕೈ ತೊಳೆಯುವುದನ್ನೂ ಮರೆತು ಕೂತಿದ್ದು ಅವಳ ಕಣ್ಣಿಗೆ ಕಟ್ಟಿತ್ತು.

ಸುದ್ದಿ ಹಟ್ಟಿಗೆ ಮುಟ್ಟಿ, ಜನ ಹತ್ತಿ ಬಂದರು. ದಾನಕ್ಕ ಕಾರೆಮುಳ್ಳು ಕಡಿದು ಕಲ್ಲಿನ ಮೇಲೆ ಹೇರುತ್ತಿದ್ದಳು. ಮೊಣಕೈವರೆಗೆ ರಕ್ತದ ಗೀರು.

"ನಿನಗೆ ದಾನಕ್ಕ ಅಂತ ಹೆಸರಿಟ್ಟವರು ಯಾರವ್ವ?" ಎಂದ ಬೋರಯ್ಯ. "ಮುಳ್ಳವ್ವ ಅಂತ ಇಡಬೇಕಿತ್ತು." ಹಿಂದಿದ್ದವರು ನಕ್ಕರು. ನಗುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ, ಆದರೂ ನಕ್ಕರು.

ಅವಳು ಆವರೆಗೆ ಭಾವನ ಎದುರು ಬಾಯಿ ಬಿಟ್ಟವಳಲ್ಲ. ಹೇಳಬೇಕಾದದ್ದನ್ನು ಓರಗಿತ್ತಿಯ ಬಾಯಿಂದ ಹೇಳಿಸಿದವಳು. ಅಂದು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನೇರ ನಿಂತಳು. "ಇಟ್ಕೊಳ್ಳಿ ಭಾವ, ಆ ಹೆಸರೇ ಇರಲಿ. ಕಾಯಿ ಇನ್ನೂ ಹಸಿ. ಕಾಯಿ ಸಿಡಿದ ಮೇಲೆ ಬುಡಾನೂ ನಿಮ್ಮದೇ, ಬೇರೂ ನಿಮ್ಮದೇ."

"ಅಷ್ಟು ದಿನ ಜ್ವರ ಕಾಯ್ತದಾ?"

"ಕಾಯಲ್ಲ. ಮುಂದಿನ ವರ್ಷಾನೂ ಕಾಯಲ್ಲ."

ಬೋರಯ್ಯ ಕೆಟ್ಟವನಲ್ಲ, ಮೊಮ್ಮಗಳ ಮೈಯ ಬಿಸಿ ಅವನ ಅಂಗೈಯಲ್ಲಿ ಇನ್ನೂ ಇತ್ತು. ಹೆಂಗಸಿನ ಮೇಲೆ ಕೈ ಮಾಡುವುದು ಅವನ ಕುಲಕ್ಕೆ ಸಲ್ಲದು. ಮಾತಿಗೆ ಬಗ್ಗದವಳು ಕರುಳಿಗೆ ಬಗ್ಗುತ್ತಾಳೆಂದು ಎಣಿಸಿ, ನಾಲ್ವರನ್ನು ಹಟ್ಟಿಗೆ ಓಡಿಸಿದ. ಅವರು ಪಾಲಯ್ಯನನ್ನು ಕಂಬಳಿಯಲ್ಲಿ ಮಲಗಿಸಿ, ನಾಲ್ಕು ಮೂಲೆ ಹಿಡಿದು ಹೊತ್ತು ತಂದರು.

ಮುಂದಿನದನ್ನು ಮರೆಮಾಚಿ ಹೇಳುವವರೂ ಇದ್ದಾರೆ. ಹಾಗೆ ಹೇಳಿದರೆ ಈ ಹೆಸರಿನ ತೂಕ ಇಳಿಯುತ್ತದೆ. ಪಾಲಯ್ಯ ಆ ಮಾಗಿಯನ್ನು ದಾಟಲಿಲ್ಲ. ಬೋರಯ್ಯನ ಮೊಮ್ಮಗಳು ಉಳಿದಳು, ಬೇರಿನಿಂದಲೋ ಆಯುಷ್ಯದಿಂದಲೋ ಯಾರೂ ಬಲ್ಲವರಿಲ್ಲ. ಮರುವರ್ಷದ ಮಳೆಗೆ ಕಲ್ಲಿನ ಸುತ್ತಿನೊಳಗೆ ನೆಲಬೇವು ಎದ್ದಿತು. ಆ ಬೀಜವೇ ಇಂದು ಗುಡ್ಡದ ತುಂಬ ಇರುವುದು. ಅಂದು ಅಣಕಕ್ಕೆ ಆಡಿದ ಹೆಸರನ್ನು ಬೋರಯ್ಯನೇ ಕಟ್ಟೆಯಲ್ಲಿ ನಿಂತು ಗುಡ್ಡಕ್ಕೆ ಇಟ್ಟನಂತೆ. ಇಂದಿಗೂ ಹತ್ತಿ ಬರುವವರು ತೆಂಗಿನಕಾಯಿ ಒಡೆಯುವುದಿಲ್ಲ, ಹೂ ಏರಿಸುವುದಿಲ್ಲ. ದಾರಿಯಲ್ಲಿ ಒಂದು ಕಾರೆಮುಳ್ಳಿನ ಕೊಂಬೆ ಮುರಿದು ತಂದು, ಸುತ್ತಿನ ಬಾಯಿಗೆ ಇಟ್ಟು ಕೈಮುಗಿಯುತ್ತಾರೆ. ಅಲ್ಲಿಯೇ ಏಕೆ ಎಂದು ಕೇಳಿದರೆ ಹಿರಿಯರು ಕೈ ತೋರಿಸಿ ಹೇಳುವುದು ಇಷ್ಟು.

ಹೊತ್ತು ತಂದವರು ಕಂಬಳಿಯನ್ನು ಆ ಬಾಯಿಯ ಮುಂದೆ ಇಳಿಸಿದರು. "ಈಗ ನೀನೇ ಕೀಳವ್ವ," ಎಂದ ಬೋರಯ್ಯ, "ನಿನ್ನ ಮಗನಿಗೇ ಮೊದಲು." ದಾನಕ್ಕ ಬಗ್ಗಿ ಮಗನ ಹಣೆ ಮುಟ್ಟಿದಳು. ಅವನು ಕಣ್ಣು ತೆರೆದು, "ಕುರಿ ಯಾರು ಬಿಟ್ರವ್ವ?" ಎಂದ. "ಬಿಟ್ಟಾರೆ, ಮಲಕ್ಕೋ," ಎಂದಳು. ಬಂಡೆಯ ನೆರಳು ಸುತ್ತಿನ ಒಳಗೆ ಮಾತ್ರ ಇತ್ತು. ಅವಳು ಕಂಬಳಿಯ ತುದಿ ಹಿಡಿದು, ಒಂದು ಗಿಡವೂ ಬಾಗದಂತೆ ಮಗನನ್ನು ಒಳಗೆಳೆದುಕೊಂಡು ಗಿಡಗಳ ಪಕ್ಕದಲ್ಲಿ ಮಲಗಿಸಿದಳು. ಆಮೇಲೆ ತಿರುಗಿ, ಹೊರಗೆ ಬಿದ್ದಿದ್ದ ದೊಡ್ಡ ಕಾರೆಯ ಕೊಂಬೆಯನ್ನು ಬರಿಗೈಯಲ್ಲೇ ಹಿಡಿದು, ಎಲ್ಲರೂ ನೋಡುತ್ತಿರುವಂತೆ, ಆ ಬಾಯಿಯನ್ನು ಒಳಗಿನಿಂದ ಮುಚ್ಚಿದಳು.