ಡಾಕ್ಟರಮ್ಮನ ಕಾರಿನ ಪುಲ್ಲಿ

ಕಾವೇರಿಯ ದಂಡೆಯಲ್ಲಿ ಚೌರಪ್ಪ ಮೇಸ್ತ್ರಿಯ ಶೆಡ್ಡು ಇತ್ತು. ಮೂಲೆ ಸೇರಿದ ಹಳೆಯ ಕಾರುಗಳನ್ನು ಮತ್ತೆ ರಸ್ತೆಗೆ ಇಳಿಸುವುದು ಅವರ ಕೆಲಸ. ಆ ಕೆಲಸ ಕಲಿಯಬೇಕೆಂದು ಕೆಂಪರಾಜ ತನ್ನ ಸ್ವಂತ ಗ್ಯಾರೇಜಿಗೆ ಬೀಗ ಹಾಕಿ ಅವರ ಬಳಿ ಬಂದು ಸೇರಿದ್ದ.

ಒಂದು ದಿನ ಲಾರಿಯ ಮೇಲೆ ಕಪ್ಪು ಬಣ್ಣದ ದೊಡ್ಡ ಕಾರೊಂದು ಬಂತು. ಅದನ್ನು ಕಂಡದ್ದೇ ಕೆಂಪರಾಜ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ.

"ಇದು ಡಾಕ್ಟರಮ್ಮನ ಕಾರು, ಮೇಸ್ತ್ರಿ. ನಾನು ಹುಟ್ಟಿದ್ದು ಇದರ ಹಿಂದಿನ ಸೀಟಿನಲ್ಲಿ."

ಡಾಕ್ಟರ್ ಸುಗುಣಾಬಾಯಿ ಸುತ್ತಲಿನ ಹಳ್ಳಿಗಳಿಗೆಲ್ಲ ತಾವೇ ಕಾರು ಓಡಿಸಿಕೊಂಡು ಹೋಗಿ ಹೆರಿಗೆ ಮಾಡಿಸುತ್ತಿದ್ದವರು. ಕೆಂಪರಾಜನ ತಾಯಿಗೆ ಹೆರಿಗೆ ಕಷ್ಟವಾದಾಗ ಅವಳನ್ನು ಇದೇ ಕಾರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೊರಟಿದ್ದರು. ದಾರಿಯಲ್ಲಿ ರೈಲ್ವೆ ಗೇಟು ಹಾಕಿತ್ತು. ಗೂಡ್ಸ್ ಗಾಡಿ ದಾಟಿ ಹೋಗುವಷ್ಟರಲ್ಲಿ ಮಗು ಅತ್ತಿತ್ತು.

ಈಗ ಡಾಕ್ಟರಮ್ಮ ಹಾಸಿಗೆ ಹಿಡಿದಿದ್ದರು. ಅವರನ್ನು ನೋಡಿಕೊಳ್ಳುತ್ತಿದ್ದವಳು ತಮ್ಮನ ಮಗಳು ಕುಮುದಾ. ಕಾರಿನ ಜೊತೆ ಬಂದವಳೂ ಅವಳೇ.

"ಅತ್ತೆಗೆ ಇನ್ನೊಂದು ಸಲ ಈ ಕಾರಲ್ಲಿ ಕೂತು ಸಂಗಮಕ್ಕೆ ಹೋಗಬೇಕಂತೆ. ಅಲ್ಲಿ ನೀರು ನೋಡಬೇಕಂತೆ. ಇನ್ನು ಹೆಚ್ಚು ದಿನ ಇಲ್ಲ ಅಂತ ಆಸ್ಪತ್ರೆಯವರು ಅಂದಿದಾರೆ," ಎಂದಳು.

ಮೇಸ್ತ್ರಿ ಬಾನೆಟ್ ಎತ್ತಿ ಬಹಳ ಹೊತ್ತು ನೋಡಿದರು.

"ನೋಡ್ತೀವಮ್ಮ," ಎಂದರು. ಮಾತು ಕೊಡಲಿಲ್ಲ.

ಕೆಂಪರಾಜ ಮನೆಗೆ ಹೋಗುವುದನ್ನೂ ಬಿಟ್ಟು ದುಡಿದ. ಎಂಜಿನ್ ಬಿಚ್ಚಿ, ತೊಳೆದು, ಮತ್ತೆ ಕೂರಿಸಿದ. ಕೊನೆಗೆ ಉಳಿದದ್ದು ಒಂದೇ: ಎಂಜಿನ್ನಿನೊಳಗೆ ತಿರುಗುವ ಉಕ್ಕಿನ ದಂಡವಾದ ಕ್ರ್ಯಾಂಕಿನ ತುದಿಗೆ ಹಾಕುವ ಬ್ಯಾಲೆನ್ಸರ್ ಪುಲ್ಲಿ.

ಅದು ಬರೀ ಬೆಲ್ಟ್ ತಿರುಗಿಸುವ ಚಕ್ರವಲ್ಲ. ಒಳಗೊಂದು ಬಿಲ್ಲೆ, ಹೊರಗೊಂದು ಭಾರದ ಬಳೆ, ಎರಡರ ನಡುವೆ ರಬ್ಬರು. ಎಂಜಿನ್ ಓಡುವಾಗ ಕ್ರ್ಯಾಂಕ್ ಒಳಗೊಳಗೇ ಕೂದಲೆಳೆಯಷ್ಟು ತಿರುಚಿಕೊಳ್ಳುತ್ತಿರುತ್ತದೆ. ಆ ನೋವನ್ನು ಹೊರಗಿನ ಬಳೆ ತನ್ನ ಮೇಲೆ ಎಳೆದುಕೊಳ್ಳುತ್ತದೆ. ಈ ಕಾರಿನದರಲ್ಲಿ ರಬ್ಬರು ಪುಡಿಯಾಗಿ ಉದುರಿಹೋಗಿತ್ತು.

ಅದೇ ಎಂಜಿನ್ನಿನ ಇನ್ನೊಂದು ಪುಲ್ಲಿ ಎಲ್ಲಿ ಕೇಳಿದರೂ ಸಿಗಲಿಲ್ಲ. ಮೇಸ್ತ್ರಿ ಹಳೆಯದಕ್ಕೇ ಹೊಸ ರಬ್ಬರು ಕೂರಿಸಲು ಅದನ್ನು ದೂರದ ಊರಿನ ಕೆಲಸಗಾರನೊಬ್ಬನಿಗೆ ಕಳಿಸಿದರು.

"ಯಾವಾಗ ಬರತ್ತೆ?" ಎಂದು ಕೇಳಿದ ಕೆಂಪರಾಜ.

"ಆದಾಗ ಬರತ್ತೆ."

ಕೆಂಪರಾಜನಿಗೆ ಕಾಯಲಾಗಲಿಲ್ಲ. ಗುಜರಿ ಅಂಗಡಿಯ ರಾಶಿಯಲ್ಲಿ ಹುಡುಕಿ ಬೇರೆ ಎಂಜಿನ್ನಿನ ಪುಲ್ಲಿಯೊಂದನ್ನು ತಂದ. ಬಳೆ ಇಲ್ಲ, ರಬ್ಬರಿಲ್ಲ, ಇಡೀ ಒಂದೇ ಕಬ್ಬಿಣ. ಆದರೆ ಕ್ರ್ಯಾಂಕಿನ ತುದಿಗೆ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಬೆಲ್ಟೂ ಸರಿಯಾದ ಸಾಲಿಗೆ ಬಂತು.

ಎಂಜಿನ್ ಶುರು ಮಾಡಿದ. ಲೋಟದ ತುಂಬ ನೀರು ತಂದು ಮಡ್‌ಗಾರ್ಡಿನ ಮೇಲಿಟ್ಟು ಮೇಸ್ತ್ರಿಯನ್ನು ಕರೆದ.

"ನೋಡಿ ಮೇಸ್ತ್ರಿ, ಒಂದು ಹನಿ ತುಳುಕ್ತಿಲ್ಲ."

ಮೇಸ್ತ್ರಿ ಲೋಟ ಎತ್ತಿಕೊಂಡು ಆ ನೀರು ಕುಡಿದರು.

"ಬಿಚ್ಚು," ಎಂದರು.

"ಎಲ್ಲಿ ನಡುಗ್ತಿದೆ, ತೋರಿಸಿ ಮತ್ತೆ."

"ಹೊರಗೆ ಕಾಣೋ ನಡುಕ ಆಗಿದ್ರೆ ನೀನೇ ಬಿಚ್ತಿದ್ದೆ."

"ಸಂಗಮದ ತನಕ ಅಷ್ಟೇ. ನಿಧಾನಕ್ಕೆ ಹೋಗ್ತೀನಿ."

"ಎಷ್ಟು ದೂರ ಹೋಗ್ಬೇಕು ಅನ್ನೋದು ಕ್ರ್ಯಾಂಕಿಗೆ ಗೊತ್ತಿರಲ್ಲ ಕೆಂಪ. ಹಳೇ ಕ್ರ್ಯಾಂಕು. ಈಗಾಗ್ಲೇ ಬೇಕಾದಷ್ಟು ಸಹಿಸಿದೆ."

ಕೆಂಪರಾಜನ ದನಿ ಏರಿತು.

"ನಿಮ್ಮ ರಬ್ಬರು ಬರೋ ಹೊತ್ತಿಗೆ ಅವರೇ ಹೋಗಿಬಿಟ್ರೆ?"

ಮೇಸ್ತ್ರಿ ಲೋಟ ತೊಳೆಯಲು ನದಿಯ ಕಡೆ ಇಳಿದು ಹೋದರು.

ಭಾನುವಾರ ಬೆಳಿಗ್ಗೆ ಮೇಸ್ತ್ರಿ ಚರ್ಚಿಗೆ ಹೋದರು. ಕೆಂಪರಾಜ ಪುಲ್ಲಿಯನ್ನು ಬಿಚ್ಚಿರಲಿಲ್ಲ. ಕಾರನ್ನು ಹೊರಗೆ ತೆಗೆದು ನೇರ ಡಾಕ್ಟರಮ್ಮನ ಮನೆಗೆ ಹೋದ.

ಅವರನ್ನು ಎತ್ತಿ ತಂದು ಹಿಂದಿನ ಸೀಟಿನಲ್ಲಿ ಕೂರಿಸಿದ. ಮಗುವಿನಷ್ಟು ಹಗುರವಾಗಿದ್ದರು. ಪಕ್ಕದಲ್ಲಿ ಕುಮುದಾ ಕೂತಳು.

"ನೀನು ಆ ಗೇಟಿನ ಹುಡುಗ ಅಲ್ವೇನೋ?" ಎಂದರು ಡಾಕ್ಟರಮ್ಮ. "ನಿಮ್ಮಮ್ಮ ಕೂಗಿದ ಕೂಗಿಗೆ ಗೇಟ್‌ಮ್ಯಾನು ಕೈಲಿದ್ದ ಬಾವುಟ ಬೀಳಿಸ್ಕೊಂಡಿದ್ದ."

ಕೆಂಪರಾಜ ನಕ್ಕ. ಎಷ್ಟೋ ದಿನದ ಮೇಲೆ ನಕ್ಕಿದ್ದ.

ಊರು ದಾಟಿತು. ಕಬ್ಬಿನ ಗದ್ದೆಗಳು ಬಂದವು. ಕೆಂಪರಾಜ ರಸ್ತೆಯಲ್ಲಿ ಮೊಟ್ಟೆ ಇಟ್ಟಿದ್ದಾರೋ ಎಂಬಂತೆ ಓಡಿಸುತ್ತಿದ್ದ.

"ಏನೋ ಇದು, ಎತ್ತಿನಗಾಡಿ ಹೊಡ್ದಂಗೆ? ಸ್ವಲ್ಪ ಜೋರಾಗಿ ಓಡಿಸೋ."

"ಬೇಡ ಅಮ್ಮ."

"ಈ ಕಾರಲ್ಲಿ ನಾನು ಯಾವತ್ತೂ ನಿಧಾನಕ್ಕೆ ಹೋದವಳಲ್ಲ ಕಣೋ. ಆ ಕಡೆ ಯಾವಳೋ ಒಬ್ಬಳು ಕಾಯ್ತಾ ಇರ್ತಿದ್ಲು."

ಕನ್ನಡಿಯಲ್ಲಿ ಅವರ ಮುಖ ಕಂಡಿತು. ಕೆಂಪರಾಜ ಆಕ್ಸಿಲರೇಟರ್ ಒತ್ತಿದ.

ಗಾಳಿ ಒಳಗೆ ನುಗ್ಗಿತು. ಡಾಕ್ಟರಮ್ಮನ ಬಿಳಿ ಕೂದಲು ಬಿಚ್ಚಿಕೊಂಡು ಹಾರಿತು. "ಹಾಂ, ಹಿಂಗೆ," ಎಂದು ಅವರು ಗಟ್ಟಿಯಾಗಿ ನಕ್ಕರು.

ಆ ನಗು ಮುಗಿಯುವ ಮೊದಲೇ ಎಂಜಿನ್ನಿನೊಳಗೆ ಏನೋ ಮುರಿದ ಸದ್ದಾಯಿತು. ಕಾರು ಸ್ವಲ್ಪ ದೂರ ತನ್ನ ಪಾಡಿಗೆ ಉರುಳಿ ನಿಂತಿತು. ಸಂಗಮ ಇನ್ನೂ ಮುಂದಿತ್ತು.

"ನಿಂತುಹೋಯ್ತೇನೋ?"

"ಹೂಂ, ಅಮ್ಮ."

ಅವನು ಇಳಿದು ಹಿಂದಿನ ಬಾಗಿಲು ತೆರೆದ. ಡಾಕ್ಟರಮ್ಮ ಕತ್ತು ಚಾಚಿ ಆಲಿಸಿದರು.

"ಇಲ್ಲಿಂದ ನೀರಿನ ಸದ್ದು ಕೇಳತ್ತಾ?"

ಕಬ್ಬಿನ ಗರಿಗಳ ಸದ್ದು ಬಿಟ್ಟರೆ ಏನೂ ಇರಲಿಲ್ಲ.

"ಕೇಳತ್ತೆ, ಅಮ್ಮ," ಎಂದ ಕೆಂಪರಾಜ.

"ನನಗೆ ಕೇಳಿಸ್ತಿಲ್ಲ ಕಣೋ." ಅವರು ಸೀಟಿಗೆ ಒರಗಿದರು. "ಕಿವಿನೂ ಹೋಯ್ತು ಅಂತ ಕಾಣತ್ತೆ."

ಕುಮುದಾ ಅಡ್ಡ ನಿಂತು ತರಕಾರಿಯ ವ್ಯಾನೊಂದನ್ನು ನಿಲ್ಲಿಸಿದಳು. ಡಾಕ್ಟರಮ್ಮನನ್ನು ಅದರಲ್ಲಿ ಮಲಗಿಸಿ ಮನೆಗೆ ಕರೆದುಕೊಂಡು ಹೋದರು. ಆ ಮೇಲೆ ಅವರು ಏಳಲಿಲ್ಲ. ಆ ವಾರ ಕಳೆಯುವ ಮೊದಲೇ ತೀರಿಕೊಂಡರು.

ಕಾರನ್ನು ಎಳೆದುಕೊಂಡು ಬಂದು ಶೆಡ್ಡಿನಲ್ಲಿ ನಿಲ್ಲಿಸಿದ್ದರು. ಕೆಂಪರಾಜ ಸ್ಮಶಾನದಿಂದ ಬಂದಾಗ ಮೇಸ್ತ್ರಿ ಎಂಜಿನ್ ಬಿಚ್ಚಿ ಮುಗಿಸಿದ್ದರು. ಕ್ರ್ಯಾಂಕ್ ಎರಡು ತುಂಡಾಗಿ ಗೋಣಿಚೀಲದ ಮೇಲೆ ಬಿದ್ದಿತ್ತು.

"ಬೈಯಿರಿ ಮೇಸ್ತ್ರಿ," ಎಂದ ಕೆಂಪರಾಜ.

ಮೇಸ್ತ್ರಿ ಕೈ ಒರೆಸಿಕೊಂಡರು.

"ಸ್ನಾನ ಮಾಡು ಹೋಗು. ಅನ್ನ ಇಟ್ಟಿದೀನಿ."

"ಒಂದು ಮಾತಾದ್ರೂ ಅನ್ನಿ."

"ಸಾರು ಆರಿಹೋಗತ್ತೆ."

ತಿಥಿಯೆಲ್ಲ ಮುಗಿದು ಎಷ್ಟೋ ದಿನಗಳ ಮೇಲೆ ಬಸ್ಸಿನಲ್ಲಿ ಒಂದು ಪಾರ್ಸೆಲ್ ಬಂತು. ಹೊಸ ರಬ್ಬರು ಕೂರಿಸಿದ ಪುಲ್ಲಿ. ಕೆಂಪರಾಜ ಅದನ್ನು ನೋಡಿದ, ಮುಟ್ಟಲಿಲ್ಲ.

ಕುಮುದಾ ಒಮ್ಮೆ ಬಂದಳು. "ಈ ಕಾರನ್ನ ಗುಜರಿಗೆ ಮಾತ್ರ ಹಾಕಬೇಡಿ," ಎಂದಳು. ಕೆಂಪರಾಜ ಅವಳ ಮುಖ ನೋಡಲಾಗದೆ ತಲೆ ತಗ್ಗಿಸಿದ. ಅವಳು ಹೋಗುವಾಗ ಅವನ ಬಳಿ ನಿಂತು, "ಅತ್ತೆ ನಿನ್ನ ಬೈಲಿಲ್ಲಪ್ಪ," ಎಂದಳು. ಅದನ್ನು ಕೇಳಿ ಅವನಿಗೆ ಇನ್ನೂ ಕಷ್ಟವಾಯಿತು.

ಇಂಥದೇ ಕಾರೊಂದು ಯಾರದೋ ಹಿತ್ತಿಲಲ್ಲಿ ತುಕ್ಕು ಹಿಡಿದು ನಿಂತಿತ್ತು. ಅದರ ಪುಲ್ಲಿಯೂ ಹಾಳಾಗಿತ್ತು, ಆದರೆ ಕ್ರ್ಯಾಂಕ್ ಚೆನ್ನಾಗಿತ್ತು. ಮೇಸ್ತ್ರಿ ಆ ಕ್ರ್ಯಾಂಕನ್ನು ಬಿಚ್ಚಿ ತಂದರು.

"ಕೂರಿಸು," ಎಂದರು.

"ಯಾರಿಗೋಸ್ಕರ?"

"ಎಂಜಿನ್ನಿಗೋಸ್ಕರ."

ಕೆಂಪರಾಜ ಕೂರಿಸಿದ. ಒಂದೊಂದು ಬೋಲ್ಟನ್ನೂ ಕೈಯಿಂದ ಮುಟ್ಟಿ ನೋಡಿ ಬಿಗಿದ. ಕೊನೆಗೆ ಹೊಸ ರಬ್ಬರಿನ ಪುಲ್ಲಿಯನ್ನು ತಟ್ಟಿ, ತಟ್ಟಿ, ಅದರ ಜಾಗಕ್ಕೆ ತಂದ. ಮೇಸ್ತ್ರಿ ಪಕ್ಕದಲ್ಲಿ ಲೈಟು ಹಿಡಿದು ನಿಂತಿದ್ದರು.

ಎಂಜಿನ್ ಶುರುವಾಯಿತು. ಮೇಸ್ತ್ರಿ ನಿಧಾನವಾಗಿ ಅದರ ವೇಗ ಏರಿಸಿದರು, ಇಳಿಸಿದರು, ಮತ್ತೆ ಏರಿಸಿದರು. ಎಲ್ಲಿಯೂ ಅಪಸ್ವರ ಇರಲಿಲ್ಲ.

ಕೆಂಪರಾಜ ನೆಲದ ಮೇಲೆ ಕುಸಿದು ಕೂತ. ಬಹಳ ಹೊತ್ತು ಅತ್ತ.

ಮೇಸ್ತ್ರಿ ಎಂಜಿನ್ ನಿಲ್ಲಿಸಿದರು. ಬಂದು ಅವನ ಪಕ್ಕ ಕೂತರು.

"ನಿಮ್ಮ ಮಾತು ಕೇಳಿದ್ದಿದ್ರೆ ಅವರು ಈ ಕಾರಿಗೆ ಕಾಯ್ತಾ ಕಾಯ್ತಾನೇ ಹೋಗ್ತಿದ್ರು," ಎಂದ ಕೆಂಪರಾಜ. "ಕೇಳದೆ ಹೋದೆ. ನಡುದಾರಿಯಲ್ಲಿ ಅವರ ಕೈಬಿಟ್ಟೆ. ಯಾವ ಲೆಕ್ಕಕ್ಕೂ ಸಿಗ್ತಿಲ್ಲ ಮೇಸ್ತ್ರಿ. ಆವತ್ತು ನಾನು ಏನು ಮಾಡಬೇಕಿತ್ತು? ನೀವೇ ಹೇಳಿ, ಯಾವುದು ಸರಿ?"

ಚೌರಪ್ಪ ಮೇಸ್ತ್ರಿ ಗ್ರೀಸು ಹಿಡಿದ ಕೈಯನ್ನು ಅವನ ಬೆನ್ನ ಮೇಲಿಟ್ಟರು. ಆ ಕೈ ಬಹಳ ಹೊತ್ತು ಅಲ್ಲೇ ಇತ್ತು.

"ಈ ಕಾರಿಗೆ ಯಾವ ಪುಲ್ಲಿ ಸರಿ ಅನ್ನೋದು ನಂಗೆ ಗೊತ್ತು ಮಗ," ಎಂದರು. "ಅಷ್ಟೇ ಗೊತ್ತು."