ಉದ್ದ ತೋಳಿನ ಜೀಪು

ಶಿಷ್ಯ ಚೆನ್ನಮಲ್ಲ ಕೇಳಿದ: "ಗುರುಗಳೇ, ಒಬ್ಬರಿಗೆ ಮಾಡಿದ ನೋವಿಗೆ ಎಷ್ಟು ಕಾಲ ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕು? ನನ್ನ ತಂಗಿಯ ಮದುವೆಯ ಮಾತುಕತೆಯಲ್ಲಿ ನಾನು ಸಿಟ್ಟಿನಿಂದ ಒಂದು ಮಾತು ಆಡಿದೆ. ಬಂದವರು ಎದ್ದು ಹೋದರು. ಆ ಸಂಬಂಧ ಅಲ್ಲಿಗೇ ಮುರಿಯಿತು. ನಾನು ಊರು ಬಿಟ್ಟು ಮಠ ಸೇರಿದೆ. ಒಂಬತ್ತು ವರ್ಷದಿಂದ ಒಪ್ಪತ್ತು ಉಣ್ಣುತ್ತಿದ್ದೇನೆ. ಕಾಲಿಗೆ ಚಪ್ಪಲಿ ಹಾಕಿಲ್ಲ. ಆದರೂ ಎದೆಯ ಭಾರ ಇಳಿದಿಲ್ಲ. ಇನ್ನೂ ಏನು ಬಿಡಬೇಕು, ಹೇಳಿ."

ಗುರುಗಳು ಈ ಕತೆ ಹೇಳಿದರು.

ಒಂದು ಬೆಟ್ಟದ ಬುಡದ ಊರಿನಲ್ಲಿ ಒಬ್ಬ ಫಿಟ್ಟರ್ ಇದ್ದ. ಕಲ್ಲು ಒಡೆಯುವ ಕಾರ್ಖಾನೆಯಲ್ಲಿ ಅವನ ಕೆಲಸ. ನಮ್ಮ ಮಠದ ಬಾವಿಗೆ ಪಂಪು ಕೂರಿಸಿದವನೂ ಅವನೇ. ಆಗಲೇ ಇದನ್ನು ನನಗೆ ಹೇಳಿದ್ದು.

ಅವನ ಹೆಂಡತಿಯ ತವರು ಬೆಟ್ಟದ ಮೇಲಿತ್ತು. ಅಲ್ಲಿಗೆ ಇದ್ದುದು ಒಂದೇ ದಾರಿ, ಅದೂ ಬರೀ ಬಂಡೆಗಲ್ಲಿನದು. ಬಸ್ಸು ಹೋಗುವುದಿಲ್ಲ. ಅವನ ಹತ್ತಿರ ಒಂದು ಹಳೆಯ ಜೀಪಿತ್ತು. ಹಬ್ಬಕ್ಕೊಮ್ಮೆ ಹೆಂಡತಿಯನ್ನು ಅದರಲ್ಲಿ ಕೂರಿಸಿಕೊಂಡು ಹೋಗಿಬರುತ್ತಿದ್ದ.

ಒಂದು ಹಬ್ಬದ ದಿನ ಅವನು ಜೋರಾಗಿ ಓಡಿಸಿದ. ಅವಸರವೇನೂ ಇರಲಿಲ್ಲ. ದಾರಿಯಲ್ಲಿ ನಡೆದು ಹೋಗುತ್ತಿದ್ದ ಭಾವಮೈದುನರಿಗೆ ತನ್ನ ಕೈಚಳಕ ತೋರಿಸಬೇಕೆನಿಸಿತು, ಅಷ್ಟೇ. ಜೀಪು ಒಂದು ಬಂಡೆಯ ಮೇಲಿಂದ ಕೆಳಕ್ಕೆ ಧುಮುಕಿತು. ಹೆಂಡತಿಯ ಬೆನ್ನುಮೂಳೆಗೆ ಪೆಟ್ಟಾಯಿತು.

ಆರು ತಿಂಗಳ ಮೇಲೆ ಅವಳು ಕೋಲು ಹಿಡಿದು ಮನೆಯಲ್ಲಿ ಓಡಾಡುವಂತಾದಳು. ಬೆಟ್ಟ ಹತ್ತುವುದು ಆಗದ ಮಾತು. ಮೈ ಕುಲುಕಿಸಬಾರದು ಎಂದು ವೈದ್ಯರು ಹೇಳಿದ್ದರು. ಅವಳ ತಾಯಿಗೆ ಮಂಡಿನೋವು, ಇಳಿದು ಬರಲಾರಳು. ಡೋಲಿ ಕಟ್ಟಿ ಅಕ್ಕನನ್ನು ಹೊತ್ತುಕೊಂಡು ಹೋಗುತ್ತೇವೆ ಎಂದು ತಮ್ಮಂದಿರು ಬಂದರು. ಫಿಟ್ಟರ್ ಒಪ್ಪಲಿಲ್ಲ. "ನಾನೇ ಕರೆದುಕೊಂಡು ಬರುತ್ತೇನೆ. ಗಾಡಿಯನ್ನು ಸರಿ ಮಾಡುತ್ತಿದ್ದೇನೆ" ಎಂದ.

ಅವನು ಹೇಳಿದ್ದು ಸುಳ್ಳಲ್ಲ. ಜೀಪಿನ ಕೆಳಗಿನ ಪಟ್ಟಿ ಸ್ಪ್ರಿಂಗುಗಳನ್ನೆಲ್ಲ ಬಿಚ್ಚಿಹಾಕಿದ್ದ. ಅವು ಬಲು ಬಿಗಿ. ಒಂದು ಗಾಲಿ ಕಲ್ಲು ಹತ್ತಿದರೆ ಇಡೀ ಗಾಡಿ ಎದ್ದು ಬೀಳುತ್ತಿತ್ತು. ಗಾಲಿ ಮಾತ್ರ ಹತ್ತಿ ಇಳಿಯಬೇಕು, ಕೂತವರು ಕೂತ ಹಾಗೆಯೇ ಇರಬೇಕು ಎಂಬುದು ಅವನ ಲೆಕ್ಕ. ಅದಕ್ಕಾಗಿ ಸುರುಳಿ ಸ್ಪ್ರಿಂಗು ತಂದ. ಎರಡು ಗಾಲಿಗಳನ್ನು ಜೋಡಿಸುವ ಆಕ್ಸಲ್ಲನ್ನು ಗಾಡಿಯ ಅಡಿಚೌಕಟ್ಟಿಗೆ ಹಿಡಿದಿಡಲು ದಪ್ಪ ಪೈಪು ಕತ್ತರಿಸಿ ಉದ್ದನೆಯ ತೋಳುಗಳನ್ನು ಮಾಡಿದ. ತೋಳು ಗಿಡ್ಡವಾದರೆ ಗಾಲಿ ಮೇಲೇಳುವಾಗ ಹಿಂದಕ್ಕೂ ಎಳೆದು ಜಗ್ಗುತ್ತದೆ. ಉದ್ದವಾದರೆ ಹೆಚ್ಚುಕಡಿಮೆ ನೇರವಾಗಿ ಏಳುತ್ತದೆ, ನೇರವಾಗಿ ಇಳಿಯುತ್ತದೆ. ಇದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. ಹಿತ್ತಿಲ ತಗಡಿನ ಚಪ್ಪರದಡಿ ಮಲಗಿ, ನೋಡಿ ನೋಡಿ ಕಲಿತ.

ತೋಳು ಕೂರಿಸಿದ ಮೇಲೆ ಹಿತ್ತಿಲಲ್ಲಿ ಕಲ್ಲು ಪೇರಿಸಿ ಒಂದು ಗಾಲಿಯನ್ನು ಹತ್ತಿಸಿದ. ಟೈರು ಗಾಡಿಯ ಮೈಗೆ ಉಜ್ಜಿತು. ಅಲ್ಲಿನ ತಗಡನ್ನು ಕೊಯ್ದ. ಗಾಲಿ ಪೂರ್ತಿ ಇಳಿದಾಗ ಎಂಜಿನ್ನಿನಿಂದ ಬರುವ ಶಾಫ್ಟು ಉದ್ದ ಸಾಲದೆ ಕಳಚಿಬಿತ್ತು. ಹೊಸ ಶಾಫ್ಟು ಮಾಡಿಸಿದ. ಆಮೇಲೆ ಒಂದು ತೋಳು ಬಾಗಿತು. ನಾಲ್ಕನ್ನೂ ತೆಗೆದು ಇನ್ನೂ ದಪ್ಪ ಪೈಪಿನಲ್ಲಿ ಮತ್ತೆ ಮಾಡಿದ. ತೋಳಿನ ತುದಿಗೆ ಹಾಕಿದ ರಬ್ಬರ್ ಬುಷ್ಷು ಸದ್ದು ಮಾಡಿತು. ಅದನ್ನೂ ಬದಲಿಸಿದ. ಹೀಗೆ ಎರಡು ವರ್ಷ ಕಳೆಯಿತು. ರಜೆಯ ದಿನ ಅವನು ಮನೆಯೊಳಗೆ ಕೂತದ್ದೇ ಇಲ್ಲ.

ಊರಿನವರು ನೋಡಲು ಬರುತ್ತಿದ್ದರು. ಇಂಥ ಕೆಲಸ ಪಟ್ಟಣದಲ್ಲೂ ಆಗುವುದಿಲ್ಲ ಎನ್ನುತ್ತಿದ್ದರು. ಹೆಂಡತಿ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದಳು. ಒಮ್ಮೆ, "ನಾನು ಕೂತು ನೋಡಲಾ?" ಎಂದು ಕೇಳಿದಳು. "ಇನ್ನೂ ಆಗಿಲ್ಲ" ಎಂದ. ಅವಳು ಮತ್ತೆ ಕೇಳಲಿಲ್ಲ.

ಒಂದು ಬೆಳಿಗ್ಗೆ ಅವಳ ಕಿರಿಯ ತಮ್ಮ ಬೆಟ್ಟ ಇಳಿದು ಬಂದ. "ಭಾವ, ಅವ್ವ ಮೂರು ದಿನದಿಂದ ಬರೀ ಗಂಜಿ ನೀರು ಕುಡೀತಿದ್ದಾಳೆ. ಅಕ್ಕ ಬಂದಳಾ, ಅಕ್ಕ ಬಂದಳಾ ಅಂತ ಕೇಳ್ತಾಳೆ" ಎಂದ.

ಫಿಟ್ಟರ್ ಜೀಪಿನ ಕೆಳಗಿನಿಂದಲೇ ಹೇಳಿದ: "ನಾಲ್ಕು ದಿನ ತಡೆ. ಹಿಂದಿನ ಬಲಗಾಲಿ ಇನ್ನೊಂದು ಬೆರಳಿನಷ್ಟು ಇಳಿಯಬೇಕು."

ಅಷ್ಟರಲ್ಲಿ ಜೀಪು ಸ್ವಲ್ಪ ತಗ್ಗಿತು. ಅವನು ಹೊರಗೆ ಬಂದು ನೋಡಿದ. ಹೆಂಡತಿ ಕೋಲನ್ನು ಮಡಿಲಲ್ಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತಿದ್ದಳು.

"ಇಳಿ. ಇನ್ನೂ ಆಗಿಲ್ಲ ಅಂದೆನಲ್ಲ" ಎಂದ.

"ಇನ್ನೇನು ಆಗಬೇಕು?"

"ಕಲ್ಲು ಹತ್ತಿದ್ದು ನಿನಗೆ ಒಂದಿಷ್ಟೂ ಗೊತ್ತಾಗಬಾರದು."

"ಗೊತ್ತಾದರೆ ಆಗಲಿ ಬಿಡಿ. ನೀವು ನಿಧಾನಕ್ಕೆ ಓಡಿಸಿ, ಸಾಕು. ಆ ದಿನವೂ ನಾನು ಕೇಳಿದ್ದು ಅಷ್ಟನ್ನೇ."

ಫಿಟ್ಟರ್ ಸ್ಪ್ಯಾನರನ್ನು ಕೆಳಗಿಟ್ಟ. ಅವಳು ಹಾಗೆ ಕೇಳಿದ್ದು ನಿಜ. ಎರಡು ಸಲ ಕೇಳಿದ್ದಳು. ಅದು ಅವನಿಗೆ ಮರೆತಿರಲಿಲ್ಲ. ಆದರೆ ಆ ದಿನದ ಮಾತನ್ನು ಇಬ್ಬರೂ ಇವತ್ತಿನವರೆಗೆ ಎತ್ತಿರಲಿಲ್ಲ. ಅವನು ಎತ್ತಲಿಲ್ಲವೆಂದು ಅವಳೂ ಎತ್ತಿರಲಿಲ್ಲ.

ಅವನು ಕೈ ತೊಳೆದುಕೊಂಡು ಬಂದು ಜೀಪು ಹತ್ತಿದ. ತಮ್ಮ ಹಿಂದೆ ಕೂತ.

ಒಂದು ತಾಸಿನ ದಾರಿಗೆ ನಾಲ್ಕು ತಾಸು ಹಿಡಿಯಿತು. ಆ ಬಂಡೆಯ ಹತ್ತಿರ ಬಂದಾಗ ಅವನು ಗಾಡಿ ನಿಲ್ಲಿಸಿದ. ಸ್ಟಿಯರಿಂಗಿನ ಮೇಲೆ ಕೈಯಿಟ್ಟುಕೊಂಡು ಕೂತ.

"ತಪ್ಪು ನನ್ನದು" ಎಂದ.

ಎರಡು ವರ್ಷ ಅವನು ಕಬ್ಬಿಣ ಕೊಯ್ದಿದ್ದ, ಬೆಸೆದಿದ್ದ, ಮತ್ತೆ ಕೊಯ್ದಿದ್ದ. ಈ ಎರಡು ಮಾತನ್ನು ಮಾತ್ರ ಹೇಳಿರಲಿಲ್ಲ.

"ಗೊತ್ತು. ಹತ್ತಿಸಿ" ಎಂದಳು ಹೆಂಡತಿ. ಅವಳ ಕಣ್ಣು ತುಂಬಿತ್ತು.

ಅವನು ಹತ್ತಿಸಿದ. ಮುಂದಿನ ಗಾಲಿ ಬಂಡೆಯ ಮೇಲೆ ಎದ್ದಿತು, ಇಳಿಯಿತು. ಹಿಂದಿನದೂ ಹಾಗೆಯೇ ಎದ್ದು ಇಳಿಯಿತು. ಬೆನ್ನಿನಲ್ಲಿ ನೋವು ಬಂತು. ಅವಳು ಹಲ್ಲು ಕಚ್ಚಿ ಮುಂದಿನ ಕಂಬಿಯನ್ನು ಹಿಡಿದುಕೊಂಡಳು. ಬಂಡೆ ದಾಟಿದ ಮೇಲೆ, ತಾಳಬಹುದಾದ ನೋವೇ ಎಂದಳು.

ತಾಯಿ ಗೋಡೆಗೆ ಒರಗಿ ಕೂತಿದ್ದಳು. ಮಗಳ ಮುಖವನ್ನು ಎರಡೂ ಕೈಯಿಂದ ಸವರಿ ನೋಡಿದಳು. "ಇಷ್ಟು ದಿನ ಯಾಕವ್ವಾ ಬರಲಿಲ್ಲ?" ಎಂದು ಕೇಳಿದಳು.

ಫಿಟ್ಟರ್ ಹೊಸ್ತಿಲ ಹೊರಗೆ ನಿಂತಿದ್ದ. ಹೆಂಡತಿ ಏನು ಹೇಳುತ್ತಾಳೆಂದು ಕೇಳುತ್ತಿದ್ದ.

"ಗಾಡಿ ಸಿದ್ಧವಾಗಿರಲಿಲ್ಲ ಅವ್ವಾ" ಎಂದಳು ಅವಳು.

ಅವನು ಆಗ ಅತ್ತನಂತೆ. ಹೆಂಡತಿಗೆ ಪೆಟ್ಟಾದ ದಿನವೂ ಅಷ್ಟು ಅತ್ತಿರಲಿಲ್ಲವಂತೆ. ತಾಯಿ ಆಮೇಲೆ ಇದ್ದದ್ದು ಹನ್ನೊಂದು ದಿನ. ಅಷ್ಟು ದಿನವೂ ಮಗಳು ಅವಳ ಹತ್ತಿರವೇ ಇದ್ದಳು. ಕೈಯಾರೆ ಗಂಜಿ ಕುಡಿಸಿದಳು. ಕೊನೆಯ ದಿನಗಳಲ್ಲಿ ತಾಯಿಗೆ ಬೇರೆ ಯಾರ ಗುರುತೂ ಸಿಗುತ್ತಿರಲಿಲ್ಲ, ಮಗಳದು ಮಾತ್ರ ಸಿಗುತ್ತಿತ್ತು.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು.

ಚೆನ್ನಮಲ್ಲ, "ಹಾಗಾದರೆ ಅವನ ಎರಡು ವರ್ಷದ ದುಡಿಮೆ ವ್ಯರ್ಥವಾಯಿತೇ ಗುರುಗಳೇ?" ಎಂದು ಕೇಳಿದ.

"ಇಲ್ಲ. ಕೆಲಸ ಚೆನ್ನಾಗಿಯೇ ಆಗಿತ್ತು. ಮೊದಲ ವರ್ಷವೇ ಆಗಿತ್ತು."

ಚೆನ್ನಮಲ್ಲ ಇನ್ನೇನೋ ಕೇಳಲು ಬಾಯಿ ತೆರೆದ. ಅಷ್ಟರಲ್ಲಿ ಗುರುಗಳೇ ಕೇಳಿದರು:

"ನಿನ್ನ ತಂಗಿಯ ಊರಿಗೆ ಇಲ್ಲಿಂದ ಬಸ್ಸು ಎಷ್ಟು ಹೊತ್ತಿಗೆ?"