ಮಾವೆ ಊಳಿಡುವ ಜಾಗ

ನಾಯಿ ಬೊಗಳಿದರೆ ದೇವಲೋಕ ಹಾಳೇ ಎಂದು ನಮ್ಮಲ್ಲೊಂದು ಗಾದೆ. ನಡುಸಮುದ್ರದ ಆ ದ್ವೀಪದಲ್ಲಿ ಈ ಗಾದೆ ಹುಟ್ಟುತ್ತಲೇ ಇರಲಿಲ್ಲ. ಅಲ್ಲಿನ ನಾಯಿಗಳಿಗೆ ಬೊಗಳುವುದೇ ಗೊತ್ತಿರಲಿಲ್ಲ.

ಗಿಡ್ಡ ಕಾಲು, ಉದ್ದ ಮೈ. ಹಲಸಿನಂಥ ಜೀಗುಜ್ಜೆ ಕಾಯಿಯ ಹಿಟ್ಟು ತಿಂದು ಬಿಸಿಲಲ್ಲಿ ಬಿದ್ದಿರುತ್ತಿದ್ದವು. ಹಬ್ಬ ಬಂದರೆ ಜನ ಅವನ್ನೇ ಬೇಯಿಸಿ ತಿನ್ನುತ್ತಿದ್ದರು, ಮುಚ್ಚಿಡುವುದೇಕೆ. ಆದರೆ ಹಿರಿಯರು ದ್ವೀಪಕ್ಕೆ ಬಂದ ದೋಣಿಯಲ್ಲೇ ಇವೂ ಬಂದಿದ್ದವು. ಆಗೊಮ್ಮೆ ಈಗೊಮ್ಮೆ ಕತ್ತೆತ್ತಿ ಊಳಿಡುತ್ತಿದ್ದವು, ಅಷ್ಟೇ.

ಆಮೇಲೆ ದೂರದ ಹಡಗುಗಳು ಬಂದವು, ಹಡಗಿನ ನಾಯಿಗಳು ಇಳಿದವು. ನೋಡನೋಡುತ್ತ ದ್ವೀಪದ ತುಂಬ ಬೊಗಳುವ ಮರಿಗಳೇ ಆದವು. ಹಳೆಯ ತಳಿಯಲ್ಲಿ ಉಳಿದದ್ದು ಒಂದೇ ಒಂದು ಮುದಿ ಹೆಣ್ಣುನಾಯಿ, ಮಾವೆ. ಅದು ಹಾಡುಗಾರ ತುವಾಹು ಅಜ್ಜನ ಗುಡಿಸಲಲ್ಲಿತ್ತು.

ದೋಣಿಯಿಂದ ಇಳಿದವರೆಲ್ಲರ ಹೆಸರು ಹೇಳುವ ಹಾಡು ಅಜ್ಜನೊಬ್ಬನಿಗೇ ಬರುತ್ತಿತ್ತು. ಕಲಿಯಲು ಕೂತವಳು ಹಿನಾರೆ ಒಬ್ಬಳೇ. ಗುರು ‘ಇನ್ನು ನೀನು ಹಾಡು’ ಎಂದ ಮೇಲೆಯೇ ಶಿಷ್ಯರು ಊರ ಮುಂದೆ ಹಾಡಬೇಕು, ಅದು ಅವರ ಕಟ್ಟಳೆ. ಆರು ವರ್ಷವಾದರೂ ಅಜ್ಜ ಆ ಮಾತು ಆಡಿರಲಿಲ್ಲ. ಇತ್ತ ಅವನಿಗೆ ಉಸಿರು ಕಟ್ಟುತ್ತಿತ್ತು. ಅವನ ಜೊತೆಗೇ ಹಾಡೂ ಮಣ್ಣಾದೀತೆಂದು ಹಿನಾರೆಗೆ ದಿಗಿಲು.

ಹಾಡಿನಲ್ಲಿ ದೋಣಿ ದಡ ಮುಟ್ಟಿತು ಎಂಬ ಸಾಲಾದ ಮೇಲೆ ಅಜ್ಜ ನಿಲ್ಲಿಸುತ್ತಿದ್ದ. ಅಲ್ಲಿ ನಾಯಿಗಳು ಊಳಿಡಬೇಕು. ಈಗ ಇದ್ದದ್ದು ಮಾವೆ ಮಾತ್ರ. ಅದು ಎದ್ದು, ಮೈ ಮುರಿದು, ಕತ್ತೆತ್ತುವ ಹೊತ್ತಿಗೆ ಒಂದು ತೆಂಗಿನಕಾಯಿ ಸುಲಿಯಬಹುದಿತ್ತು. ಹಿನಾರೆ ಚಡಪಡಿಸುತ್ತಿದ್ದಳು. ಅಜ್ಜ ಸುಮ್ಮನೆ ಕಾಯುತ್ತಿದ್ದ. ಅದು ಊಳಿಟ್ಟ ಮೇಲೆಯೇ ಮುಂದಿನ ಹೆಸರು.

ಒಂದು ಬೆಳಿಗ್ಗೆ ಮಾವೆ ಏಳಲಿಲ್ಲ.

ಇಬ್ಬರೂ ಸೇರಿ ಜೀಗುಜ್ಜೆ ಮರದ ಕೆಳಗೆ ಹೂಳಿದರು. ನಿಜ ಹೇಳಬೇಕೆಂದರೆ, ಇನ್ನು ಹಾಡು ಬೇಗ ಮುಗಿದೀತೆಂದು ಹಿನಾರೆಗೆ ಒಳಗೊಳಗೇ ಅನ್ನಿಸಿತು. ಅಂದು ಸಂಜೆ ಎಲ್ಲೂ ನಿಲ್ಲಿಸದೆ ಹಾಡಿ ಮುಗಿಸಿದಳು.

“ಒಂದನ್ನ ಬಿಟ್ಟೆ” ಎಂದ ಅಜ್ಜ.

ಅವಳು ಬೆರಳು ಮಡಿಸಿ ಎಣಿಸಿದಳು. ಒಂದು ಹೆಸರೂ ಬಿಟ್ಟಿರಲಿಲ್ಲ. ವಾದಿಸಿದಳು.

ಮರುದಿನ ಪಕ್ಕದ ಮನೆಯ ನಾಯಿಯನ್ನು ಎಳೆದುಕೊಂಡು ಬಂದು ಕೂರಿಸಿದಳು. ಆ ಸಾಲು ಬಂದಾಗ ಅದರ ಬೆನ್ನು ಚಪ್ಪರಿಸಿದಳು. ಅದು ಏಡಿಯೊಂದನ್ನು ಕಂಡು ಬೊಗಳುತ್ತ ದಡದುದ್ದಕ್ಕೂ ಓಡಿತು. ಅಜ್ಜ ಕೆಮ್ಮು ಬರುವಷ್ಟು ನಕ್ಕ, ಆಮೇಲೆ ಎದ್ದು ಒಳಗೆ ಹೋದ.

ಕೊನೆಗೆ ಅವಳೇ ಊಳಿಟ್ಟಳು. ಆರು ವರ್ಷ ಕೇಳಿದ ದನಿಯಲ್ಲವೇ, ಥೇಟ್ ಹಾಗೇ ಬಂತು. ಅಜ್ಜನ ಮುಖ ಅರಳಿತು. ಗೋಣು ತಿರುಗಿಸಿ ಬಾಗಿಲ ಕಡೆ ನೋಡಿದ. ಮುಖ ಬಾಡಿತು.

“ಯಾಕಮ್ಮ ನನಗೆ ಆಸೆ ಹುಟ್ಟಿಸಿದೆ?” ಎಂದ.

ಹಿನಾರೆಗೆ ನಾಚಿಕೆಯಾಯಿತು. ಜೊತೆಗೆ ಸಿಟ್ಟೂ ಬಂತು.

“ಅದಿಲ್ಲ ಅಜ್ಜ. ಆ ತಳಿಯೇ ಇಲ್ಲ. ಇಲ್ಲದೇ ಇರೋದನ್ನ ನಾನು ಹೇಗೆ ಹಾಡಲಿ?”

ಅಜ್ಜ ಮೂಲೆಯಲ್ಲಿದ್ದ, ಮಾವೆ ಉಣ್ಣುತ್ತಿದ್ದ ತೆಂಗಿನ ಚಿಪ್ಪನ್ನು ಎತ್ತಿಕೊಂಡ. ಸಮುದ್ರದ ನೀರಲ್ಲಿ ತೊಳೆದು ತಂದು, ಮೊದಲಿದ್ದ ಜಾಗದಲ್ಲೇ ಇಟ್ಟ. ಅದರಲ್ಲಿ ಏನನ್ನೂ ಹಾಕಲಿಲ್ಲ.

ಹಿನಾರೆ ಆ ಖಾಲಿ ಚಿಪ್ಪನ್ನು ದಿನವೂ ನೋಡಿದಳು. ಗುಡಿಸುವಾಗ ಅದನ್ನು ತಪ್ಪಿಸಿ ಗುಡಿಸಿದಳು.

ಮಳೆಗಾಲದ ಹೊತ್ತಿಗೆ ಅಜ್ಜ ಹಾಸಿಗೆ ಹಿಡಿದ. ಒಂದು ಸಂಜೆ ‘ಹಾಡು’ ಎಂದು ಕಣ್ಣಲ್ಲೇ ಹೇಳಿದ. ಅವಳು ಚಾಪೆಯ ಪಕ್ಕ ಕೂತು ಹಾಡಿದಳು. ದೋಣಿ ದಡ ಮುಟ್ಟಿತು. ಅವಳು ನಿಲ್ಲಿಸಿದಳು.

ದೂರದಲ್ಲಿ ಯಾರದೋ ಮನೆಯ ನಾಯಿಗಳು ಬೊಗಳುತ್ತಿದ್ದವು. ಗುಡಿಸಲೊಳಗೆ ಯಾವ ಸದ್ದೂ ಇಲ್ಲ. ಇಡೀ ದ್ವೀಪದಲ್ಲಿ ಆ ಒಂದು ದನಿಗಾಗಿ ಕಾಯುವವರು ತಾವಿಬ್ಬರೇ ಎಂದು ಅವಳಿಗೆ ಹೊಳೆಯಿತು. ನಾಳೆ ತಾನೊಬ್ಬಳೇ. ಮಾವೆ ಸತ್ತ ದಿನ ಬಾರದ ಅಳು ಈಗ ಬಂತು. ಆದರೂ ಮುಂದಿನ ಹೆಸರಿಗೆ ಹೋಗಲಿಲ್ಲ, ಕಾದಳು.

“ಇನ್ನು ನೀನು ಹಾಡು” ಎಂದ ಅಜ್ಜ.

ಹಿನಾರೆ ಕಣ್ಣೊರೆಸಿಕೊಂಡು ಮುಂದಿನ ಹೆಸರಿಗೆ ಬಾಯಿ ತೆರೆದಳು. ಅಜ್ಜ ಅವಳ ಕೈ ಮೇಲೆ ಕೈಯಿಟ್ಟ.

“ಅವಸರ ಬೇಡ ಮಗಳೇ. ಅದು ಇನ್ನೂ ಮೈ ಮುರೀತಾ ಇದೆ.”